ದಾನಕ್ಕಿಂತ ಪಾಲನೆ ಹಿರಿದು: ಬೆದ್ದಲು ನಾಡಿನ ಮಣ್ಣು, ನೀರು ಮತ್ತು ಶಾಸನಗಳು

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಹೆಸರುಗಳು ಮೊದಲ ವರ್ಷದಲ್ಲಿಯೇ ಪರಿಚಯವಾಗುತ್ತವೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನೆಲೆಯನ್ನು ಗುರುತಿಸಿರುವುದು ಈ ನಾಲ್ಕು ಊರುಗಳ ನಡುವಣ ಸೀಮೆಯಲ್ಲಿ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ, ಒಕ್ಕುಂದವು ಬೈಲಹೊಂಗಲ ಸೀಮೆಯದು ಎಂಬ ಗುರುತುಗಳನ್ನೂ ವಿದ್ಯಾರ್ಥಿಗಳು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಆ ಸೀಮೆಯಲ್ಲಿ ಮಳೆ ಎಷ್ಟು ಬೀಳುತ್ತದೆ, ಅಲ್ಲಿನ ಮಣ್ಣು ಯಾವ ಬಗೆಯದು, ಅಲ್ಲಿನ ಜನ ಏನನ್ನು ಬಿತ್ತಿ ಉಂಡು ಒಂದು ಭಾಷೆಯನ್ನು ಅಷ್ಟು ಹದಕ್ಕೆ ತಂದರು ಎಂಬ ಪ್ರಶ್ನೆಗಳು ಸಾಹಿತ್ಯದ ತರಗತಿಯಲ್ಲಿ ಏಳುವುದಿಲ್ಲ. ಅವು ಕೃಷಿ ವಿಜ್ಞಾನದವರಿಗೆ ಸೇರಿದವು ಎಂದು ಬಿಟ್ಟುಬಿಡುವುದು ವಾಡಿಕೆ.

ಈ ನಾಲ್ಕೂ ಊರುಗಳು ಮಳೆಯನ್ನೇ ನಂಬಿದ ಬಯಲಿನಲ್ಲಿವೆ. ವರ್ಷಕ್ಕೆ 600 ಮಿ.ಮೀ. ಆಚೀಚೆ ಮಳೆ ಕಾಣುವ ಸೀಮೆ ಅದು. ಪಟ್ಟದಕಲ್ಲಿನ ಪಕ್ಕದಲ್ಲಿ ಮಲಪ್ರಭೆ ಹರಿದರೂ ಹೊಳೆಯ ನೀರು ಮೇಲಿನ ಹೊಲಗಳಿಗೆ ಏರುತ್ತಿರಲಿಲ್ಲ. ಹೊಲಕ್ಕೆ ಆಧಾರವಾಗಿದ್ದುದು ಮುಗಿಲು, ಮಣ್ಣು ಮತ್ತು ಮನುಷ್ಯರ ಎಚ್ಚರ. ಕನ್ನಡದ ತಿರುಳು ಮೂಡಿದ್ದು ಬೆದ್ದಲು ನೆಲದಲ್ಲಿ ಎಂಬ ಈ ಸರಳ ಸಂಗತಿಯನ್ನು ಒಪ್ಪಿಕೊಂಡರೆ, ಒಣಭೂಮಿಯ ಮಣ್ಣು–ನೀರಿನ ನಿರ್ವಹಣೆ ಎಂಬುದು ಕನ್ನಡ ಅಧ್ಯಯನದ ಹೊರಗಿನ ವಿಷಯವಾಗಿ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಇಂದಿನ ಯೋಜನೆಗಳು ಪದೇ ಪದೇ ಎಡವುತ್ತಿರುವ ಜಾಗ ಯಾವುದೆಂಬುದನ್ನು ತೋರಿಸುವ ದಾಖಲೆಗಳೂ ಕನ್ನಡ ವಿಭಾಗಗಳ ಕಪಾಟಿನಲ್ಲಿಯೇ ಇವೆ. ಆ ಜಾಗ, ಕಟ್ಟಿದ್ದನ್ನು ಕಾಯುವ ಹೊಣೆಯದು.

ಈ ಮಾತಿಗೆ ಎದುರು ದಿಕ್ಕಿನಿಂದ ಪ್ರವೇಶ ಮಾಡುವುದು ಅನುಕೂಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಅಲ್ಲಿಗೆ ಸಮೀಪದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ. ಲಕ್ಷ್ಮೇಶ್ವರದ ರೈತನು ಹತ್ತು ವರ್ಷಗಳಲ್ಲಿ ಕಾಣುವಷ್ಟು ಮಳೆಯನ್ನು ಆಗುಂಬೆಯ ರೈತನು ಒಂದೇ ವರ್ಷದಲ್ಲಿ ಕಾಣುತ್ತಾನೆ. ಈ ಸೀಮೆಯ ಮೂಡಣ ಇಳಿಜಾರಿನ ಹಳ್ಳಗಳು ತುಂಗೆಯನ್ನು ಸೇರುತ್ತವೆ; ತುಂಗೆ ಭದ್ರೆಯೊಡನೆ ಕೂಡಿ ಬಯಲಿಗೆ ಇಳಿಯುತ್ತದೆ. ಹೀಗಾಗಿ ಬಯಲಿನ ಬರಕ್ಕೆ ಮಲೆನಾಡಿನ ನೀರೇ ಮದ್ದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಭದ್ರಾ ಮೇಲ್ದಂಡೆ ಯೋಜನೆ ಆ ನಂಬಿಕೆಯ ದೊಡ್ಡ ರೂಪ. ತುಂಗೆಯಿಂದ 17.4 ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತಿ, ಒಟ್ಟು 29.9 ಟಿ.ಎಂ.ಸಿ. ನೀರನ್ನು ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಒಣ ತಾಲ್ಲೂಕುಗಳಿಗೆ ಹರಿಸುವುದು, ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು, 367 ಕೆರೆಗಳನ್ನು ತುಂಬಿಸುವುದು ಅದರ ಗುರಿ.

ಈ ಯೋಜನೆ ಬೇಡವೆಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ಮೊದಲನೆಯದು, ರಾಜಸ್ಥಾನವನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಒಣಭೂಮಿ ಇರುವುದು ಕರ್ನಾಟಕದಲ್ಲಿ. ಯಾವ ನದಿಯನ್ನು ಎಲ್ಲಿಗೆ ತಿರುಗಿಸಿದರೂ ರಾಜ್ಯದ ಬಿತ್ತನೆಯ ನೆಲದ ದೊಡ್ಡ ಪಾಲು ತನ್ನ ಮೇಲೆ ಬಿದ್ದ ಮಳೆಯಿಂದಲೇ ಬದುಕಬೇಕಾಗಿದೆ. ಎರಡನೆಯದು, ತುಂಬಿಸಬೇಕೆಂದಿರುವ ಕೆರೆಗಳಲ್ಲಿ ಹೂಳು ತುಂಬಿದ್ದರೆ ಮಲೆನಾಡಿನಿಂದ ಬಂದ ನೀರು ನಿಲ್ಲುವುದೆಲ್ಲಿ? ನೀರನ್ನು ತರುವ ಖರ್ಚಿನ ಲೆಕ್ಕವಿದ್ದಷ್ಟು ಸ್ಪಷ್ಟವಾಗಿ, ತಂದ ನೀರನ್ನು ಹಿಡಿಯುವ ಪಾತ್ರೆಯ ಲೆಕ್ಕ ಇರುವುದಿಲ್ಲ.

ಬೆದ್ದಲು ನೆಲದ ಮಳೆಯನ್ನು ಕಡಿಮೆಯೆಂದು ಹೇಳುವಾಗಲೂ ಒಂದು ಲೆಕ್ಕವನ್ನು ಗಮನಿಸಬೇಕು. 600 ಮಿ.ಮೀ. ಮಳೆ ಎಂದರೆ ಒಂದು ಎಕರೆಗೆ ಸುಮಾರು 24 ಲಕ್ಷ ಲೀಟರ್ ನೀರು. ತೊಡಕಿರುವುದು ಈ ನೀರು ಬೀಳುವ ಬಗೆಯಲ್ಲಿ. ಅದು ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಸುರಿದು, ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳ ಸೇರುತ್ತದೆ. ಹೋದ ನೀರು ಮುಂದಿನ ವರ್ಷ ಮತ್ತೆ ಬಂದೀತು. ಹೋದ ಮಣ್ಣು ಬರುವುದಿಲ್ಲ. ಹಾಗೆ ಹೋದ ಮಣ್ಣೇ ಕೆಳಗಿನ ಕೆರೆಯ ಹೂಳಾಗುವುದರಿಂದ, ಹೊಲ ಕೆಡುವುದೂ ಕೆರೆ ಕೆಡುವುದೂ ಒಂದೇ ಕ್ರಿಯೆಯ ಎರಡು ಕೊನೆಗಳು. ಮಣ್ಣನ್ನು ಒಂದು ಇಲಾಖೆಗೂ ನೀರನ್ನು ಇನ್ನೊಂದು ಇಲಾಖೆಗೂ ಹಂಚಿಕೊಟ್ಟ ಆಡಳಿತಕ್ಕೆ ಈ ಸಂಬಂಧ ಕಾಣಿಸುವುದು ಕಷ್ಟ.

ಶಾಸನಗಳನ್ನು ಬರೆಯಿಸಿದವರಿಗೆ ಅದು ಕಾಣಿಸುತ್ತಿತ್ತು. ದಾನಶಾಸನವೊಂದನ್ನು ಓದುವ ಸಂಶೋಧಕನು ಸಾಮಾನ್ಯವಾಗಿ ರಾಜನ ಬಿರುದುಗಳಲ್ಲಿ, ವಂಶಾವಳಿಯಲ್ಲಿ, ಗುರುಪರಂಪರೆಯಲ್ಲಿ, ಕಾವ್ಯಗುಣವಿದ್ದರೆ ಆ ಪದ್ಯಗಳಲ್ಲಿ ನಿಲ್ಲುತ್ತಾನೆ. ಭೂಮಿಯ ವಿವರ ಬಂದೊಡನೆ ಕಣ್ಣು ಜಾರುತ್ತದೆ. ಇಷ್ಟು ಮತ್ತರು ಬೆದ್ದಲೆ, ಇಷ್ಟು ಕಮ್ಮ ಗದ್ದೆ, ಒಂದು ತೋಂಟ, ಮೂಡಲು ಹಳ್ಳ, ತೆಂಕಲು ಹುಣಿಸೆಯ ಮರ ಎಂಬ ಸಾಲುಗಳು ಬೇಸರದ ಪಟ್ಟಿಯಾಗಿ ತೋರುತ್ತವೆ. ವಾಸ್ತವದಲ್ಲಿ ಆ ಪಟ್ಟಿಯು ಒಂದು ಊರಿನ ಮಣ್ಣು–ನೀರಿನ ನಕ್ಷೆ. ಗದ್ದೆಯನ್ನೂ ಬೆದ್ದಲನ್ನೂ ಬೇರೆ ಬೇರೆಯಾಗಿ ಅಳೆದುಕೊಟ್ಟಿರುವುದು, ನೀರು ಮುಟ್ಟುವ ನೆಲಕ್ಕೂ ಮುಟ್ಟದ ನೆಲಕ್ಕೂ ಬೇರೆ ಬೆಲೆ, ಬೇರೆ ತೆರಿಗೆ, ಬೇರೆ ದುಡಿಮೆ ಎಂಬ ಅರಿವಿನ ಫಲ. ನಾಡಿನ ಹೆಸರುಗಳಲ್ಲಿಯೂ ಈ ಅರಿವು ಅಡಗಿದೆ. ಕಿಸುಕಾಡು–70 ಎಂಬಲ್ಲಿನ 'ಕಿಸು' ಕೆಂಪನ್ನು ಹೇಳುತ್ತದೆ. ಬೆಳ್ವೊಲ–300 ಎಂಬುದಕ್ಕೆ ಬೆಳೆಯುವ ಹೊಲಗಳ ನಾಡು ಎಂಬ ಅರ್ಥವನ್ನು ಹೇಳುವ ವಾಡಿಕೆಯಿದೆ. ಆ ನಾಡಿನ ಹೆಚ್ಚಿನ ಭಾಗ ಎರೆಯ ನೆಲ. ಆಡಳಿತ ವಿಭಾಗಗಳೆಂದು ಚರಿತ್ರೆಯ ವಿದ್ಯಾರ್ಥಿ ಓದುವ ಹೆಸರುಗಳನ್ನು ಮಣ್ಣಿನ ವಿದ್ಯಾರ್ಥಿಯೂ ಓದಬಹುದು.

ಈ ಎರಡು ಮಣ್ಣುಗಳ ನಡತೆ ಒಂದೇ ಅಲ್ಲ. ಎರೆಯ ಮಣ್ಣು ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದುದರಿಂದಲೇ ಮುಂಗಾರಿನಲ್ಲಿ ನೆಲವನ್ನು ಹಸನುಮಾಡಿಟ್ಟುಕೊಂಡು, ಮಳೆ ಹಿಂದೆ ಸರಿಯುವ ಕಾಲಕ್ಕೆ ಬಿತ್ತಿದ ಹಿಂಗಾರಿ ಜೋಳವು ನೆಲದೊಳಗಿನ ತೇವದಲ್ಲಿಯೇ ಬೆಳೆದು ತೆನೆಯಾಗುತ್ತದೆ. ಆದರೆ ಅದೇ ಮಣ್ಣು ಒಮ್ಮೆ ನೆನೆದು ಉಬ್ಬಿದ ಮೇಲೆ ನೀರನ್ನು ಬೇಗ ಒಳಬಿಡುವುದಿಲ್ಲ, ಒಣಗಿದಾಗ ಬಿರುಕುಬಿಟ್ಟು ತೇವವನ್ನು ಕಳೆದುಕೊಳ್ಳುತ್ತದೆ. ಹೊಲವನ್ನು ಸಣ್ಣ ಚೌಕು ಮಡಿಗಳಾಗಿ ಮಾಡಿ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸುವುದು, ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು ವಿಜಯಪುರ ಸೀಮೆಯ ಕ್ರಮಗಳು. ಕೆಂಪು ಮಸಾರಿಯ ನಡತೆ ಬೇರೆ. ಅದು ನೀರನ್ನು ಬೇಗ ಕುಡಿದು ಬೇಗ ಕಳೆದುಕೊಳ್ಳುತ್ತದೆ, ಜೋರು ಮಳೆಗೆ ಮೇಲ್ಪದರ ಗಟ್ಟಿಯಾಗಿ ನೀರು ಜಾರಿಹೋಗುತ್ತದೆ. ಹಾಗಾಗಿ ಕೆಂಪು ನೆಲದ ಸೀಮೆಯಲ್ಲಿ ಕೆರೆಗಳ ಸರಮಾಲೆ ಬೇಕಾಯಿತು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಇಳಿಯುವ ಈ ವ್ಯವಸ್ಥೆಯನ್ನು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ 1866ರಲ್ಲಿ ಕಂಡು, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಷ್ಟು ಪೂರ್ಣವಾಗಿ ನೆಲವನ್ನು ಬಳಸಿಕೊಳ್ಳಲಾಗಿದೆ ಎಂಬ ಅಭಿಪ್ರಾಯಕ್ಕೆ ಬಂದಿದ್ದನು.

ಮಣ್ಣಿನ ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಅನುಭವವೇ ಸಾಕ್ಷಿ. ಕೆಂಪು ನೆಲಕ್ಕೆ ಒಪ್ಪುವ ಸಮಪಾತಳಿ ಬದುಗಳನ್ನು ಆಳವಾದ ಎರೆಯ ನೆಲದಲ್ಲಿಯೂ ಹಾಕಿದಾಗ, ಬದುವಿನ ಮೇಲ್ಗಡೆ ನೀರು ನಿಂತು ಬೆಳೆ ಕೊಳೆಯಿತು, ಬದುಗಳು ಒಡೆದವು. ಹೆಚ್ಚಿನ ನೀರನ್ನು ನಿಧಾನವಾಗಿ ಹೊರಬಿಡುವ ಇಳಿಜಾರು ಬದುಗಳೇ ಅಲ್ಲಿಗೆ ಸರಿಯೆಂದು ಒಣಬೇಸಾಯದ ಸಂಶೋಧನೆ ಆಮೇಲೆ ಹೇಳಬೇಕಾಯಿತು. ವಿಜಯಪುರದಲ್ಲಿ 1930ರ ದಶಕದಿಂದಲೂ, ಬಳ್ಳಾರಿಯಲ್ಲಿ 1950ರ ದಶಕದಿಂದಲೂ ಇಂಥ ಸಂಶೋಧನೆ ನಡೆದುಬಂದಿದೆ. ಆದಕಾರಣ ಇಂದಿನ ಒಣಭೂಮಿಯ ಬಿಕ್ಕಟ್ಟನ್ನು ತಿಳಿವಳಿಕೆಯ ಕೊರತೆ ಎಂದು ಕರೆಯುವುದು ಸರಿಯಾಗದು.

ತಿಳಿವಳಿಕೆ ಹಿಂದೆಯೂ ಇತ್ತು, ಅದು ಕನ್ನಡದಲ್ಲಿಯೂ ಇತ್ತು. 1025ರ ಸುಮಾರಿನಲ್ಲಿ, ಚಾಲುಕ್ಯ ಎರಡನೆಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಂತರ್ಜಲವನ್ನು ಗುರುತಿಸುವ ವಿಚಾರಕ್ಕೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. ಹುತ್ತ, ಮರ, ಮಣ್ಣಿನ ಲಕ್ಷಣಗಳಿಂದ ನೀರಿನ ಇರವನ್ನು ಊಹಿಸುವ ಅಲ್ಲಿನ ಮಾತುಗಳೆಲ್ಲ ಇಂದಿನ ಭೂವಿಜ್ಞಾನಕ್ಕೆ ಒಪ್ಪುತ್ತವೆ ಎಂದು ಹೇಳುವುದು ಅತಿಯಾದೀತು. ಆದರೆ ಒಬ್ಬ ಕವಿ ಅದನ್ನು ಪದ್ಯರೂಪದಲ್ಲಿ ಬರೆಯಲು ಯೋಗ್ಯವಾದ ವಿಷಯವೆಂದು ಬಗೆದನು ಎಂಬುದು ಮುಖ್ಯ. 1369ರ ಪೋರುಮಾಮಿಳ್ಳ ಶಾಸನವು ಇನ್ನೂ ಸ್ಪಷ್ಟ. ವಿಜಯನಗರದ ರಾಜಕುಮಾರ ಭಾಸ್ಕರನು ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯನ್ನು ಕುರಿತ ಈ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ನೆಲ ಕಡಿಮೆಯಾಗಿರುವುದು, ಇವು ಆ ದೋಷಗಳು. ಎರಡು ರಾಜ್ಯಗಳ ಗಡಿಯನ್ನು ದೋಷವೆಂದು ಎಣಿಸಿದವನು ಎಂಜಿನಿಯರಿಂಗಿನ ಜೊತೆಗೆ ರಾಜಕಾರಣವನ್ನೂ ಬಲ್ಲವನಾಗಿದ್ದನು.

ಜನಪದದ 'ಕೆರೆಗೆ ಹಾರ'ವನ್ನು ಈ ಶಾಸನದ ಪಕ್ಕದಲ್ಲಿಟ್ಟು ಓದಬಹುದು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ಹನಿ ನೀರಿಲ್ಲ. ಜೋಯಿಸರು ಬಲಿ ಬೇಡುತ್ತಾರೆ. ಮನೆಯ ಕಿರಿಯ ಸೊಸೆ ಭಾಗೀರಥಿ ಕೆರೆಗೆ ಹಾರವಾಗುತ್ತಾಳೆ. ಈ ಲಾವಣಿಯನ್ನು ತ್ಯಾಗದ ಕಥೆಯೆಂದೂ, ಹೆಣ್ಣಿನ ಮೇಲಿನ ಹಿಂಸೆಯ ಕಥೆಯೆಂದೂ ವಿಮರ್ಶಕರು ಓದಿದ್ದಾರೆ, ಎರಡೂ ಸರಿಯೇ. ಆದರೆ ಜಾಗ ತಪ್ಪಿ ಕಟ್ಟಿದ ಕೆರೆಯ ತಪ್ಪಿಗೆ ದಂಡ ತೆರುವವರು ಯಾರು ಎಂಬ ಪ್ರಶ್ನೆಯೂ ಅದರಲ್ಲಿದೆ. ಯೋಜಿಸಿದವನ ತಪ್ಪನ್ನು ಮನೆಯಲ್ಲಿ ಎಲ್ಲರಿಗಿಂತ ದನಿ ಕಡಿಮೆ ಇದ್ದವಳು ತೀರಿಸುತ್ತಾಳೆ.

ಇನ್ನು ಮುಖ್ಯ ವಿಷಯ. ಕೆರೆ ಕಟ್ಟಿಸಿದ ಶಾಸನಗಳು ಅಲ್ಲಿಗೇ ನಿಲ್ಲುವುದಿಲ್ಲ. ಗಂಗ, ಬಾಣ, ನೊಳಂಬರ ಕಾಲದಿಂದಲೂ 'ಬಿತ್ತುವಟ್ಟ' ಎಂಬ ಮಾತು ಶಾಸನಗಳಲ್ಲಿ ಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೆ, ದುರಸ್ತಿ ಮಾಡಿಸಿದವನಿಗೆ ಆ ಕೆರೆಯ ಕೆಳಗಿನ ನೆಲವನ್ನೋ ಹುಟ್ಟುವಳಿಯ ಪಾಲನ್ನೋ ಬಿಟ್ಟುಕೊಡುವ ಏರ್ಪಾಡು ಅದು. ಕಟ್ಟುಕೊಡಗೆ, ಕೆರೆಗೊಡಗೆ, ದಶವಂದ ಮುಂತಾದವೂ ಇದೇ ಬಗೆಯವು. ಹೂಳೆತ್ತುವ ಬಂಡಿಗೆ, ಅದನ್ನು ಎಳೆಯುವ ಕೋಣಗಳಿಗೆ, ಬಂಡಿ ಹೊಡೆಯುವವನಿಗೆ ಎಂದು ನೆಲ ಬಿಟ್ಟ ಉಲ್ಲೇಖಗಳೂ ಇವೆ. ಎಂದರೆ ಕೆರೆಯಿಂದ ಬಂದ ಫಲದ ಒಂದು ಭಾಗವು ಪ್ರತಿವರ್ಷ ಕೆರೆಗೇ ಮರಳುತ್ತಿತ್ತು. ಎತ್ತಿದ ಹೂಳು ಮತ್ತೆ ಹೊಲಕ್ಕೆ ಹೋಗುತ್ತಿತ್ತು. ಮಣ್ಣು ಮತ್ತು ನೀರು ಒಂದೇ ಚಕ್ರದಲ್ಲಿ ತಿರುಗುತ್ತಿದ್ದವು.

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳಲ್ಲಿ ಒಂದು ಈ ಏರ್ಪಾಡಿನ ತಾತ್ತ್ವಿಕ ಸಾರವನ್ನೇ ಹೇಳುತ್ತದೆ. ದಾನ ಮಾಡುವುದು, ದಾನವನ್ನು ಪಾಲಿಸುವುದು ಇವೆರಡರಲ್ಲಿ ಪಾಲಿಸುವುದೇ ಹಿರಿದು ಎಂಬುದು ಅದರ ಆಶಯ. ನೂರಾರು ಶಾಸನಗಳಲ್ಲಿ ಪುನರುಕ್ತವಾಗಿರುವುದರಿಂದ ಸಂಪಾದಕರು ಅದನ್ನು ಎಷ್ಟೋ ಸಲ ಅನುವಾದಿಸದೆಯೇ ಬಿಟ್ಟಿದ್ದಾರೆ. ಪುನರುಕ್ತಿಯೆಂದು ಬಿಟ್ಟ ಆ ಮಾತೇ ಇಂದಿನ ಯೋಜನೆಗಳಲ್ಲಿ ಕಾಣೆಯಾಗಿರುವ ಮಾತು.

2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆ, 2009ರ ಭೂಚೇತನ, 2014ರ ಕೃಷಿ ಭಾಗ್ಯ ಇವು ಒಳ್ಳೆಯ ಉದ್ದೇಶದ ಯೋಜನೆಗಳು. ಬದು, ತಡೆಅಣೆ, ಕೃಷಿ ಹೊಂಡಗಳಿಂದ ಹಲವರಿಗೆ ಉಪಕಾರವಾಗಿರುವುದನ್ನು ಅಲ್ಲಗಳೆಯಲಾಗದು. ಆದರೆ ಯೋಜನೆಗೆ ಅವಧಿಯುಂಟು, ಮಳೆಗೆ ಅವಧಿಯಿಲ್ಲ. ಅವಧಿ ಮುಗಿದ ಮೇಲೆ ಬದುವಿಗೆ ಮಣ್ಣು ಹಾಕುವವರು, ಹೊಂಡದ ಹೂಳು ತೆಗೆಯುವವರು, ಹರಿದ ಹಾಸನ್ನು ಬದಲಾಯಿಸುವವರು ಯಾರು? ಉದ್ಘಾಟನೆಯ ಕಲ್ಲಿನಲ್ಲಿ ಕಟ್ಟಿಸಿದವರ ಹೆಸರು, ವೆಚ್ಚ, ತಾರೀಖು ಇರುತ್ತವೆ. ಹಳೆಯ ಕಲ್ಲಿನಲ್ಲಿ ಇವುಗಳ ಜೊತೆಗೆ ಕಾಯುವವನಿಗೆ ಬಿಟ್ಟ ನೆಲದ ಅಳತೆಯೂ ಇರುತ್ತಿತ್ತು.

ಈ ವಾದವನ್ನು ಹಳೆಯ ಕಾಲದ ಹೊಗಳಿಕೆಯೆಂದು ತಿಳಿಯಬಾರದು. ಕೆರೆಗಳ ನಾಡಾದ ಮೈಸೂರು 1876–78ರ ಧಾತು ಬರದಲ್ಲಿ ತತ್ತರಿಸಿತು. 1871ರಲ್ಲಿ 50 ಲಕ್ಷಕ್ಕೂ ಮಿಗಿಲಾಗಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು. ಮಳೆಯೇ ಬಾರದಾಗ ಕೆರೆಯೂ ಬರಿದು. ಇನ್ನೊಂದು ಮಾತು ಇದಕ್ಕಿಂತ ಕಟುವಾದುದು. ಕೆರೆಯನ್ನು ಕಾದವರು ಯಾರು? ತೂಬು ತೆಗೆದು ನೀರು ಹಂಚುತ್ತಿದ್ದ ನೀರಗಂಟಿಯ ಹುದ್ದೆ ವಂಶಪಾರಂಪರ್ಯವಾದುದು, ಬಹಳ ಕಡೆ ಊರಿನ ಅಂಚಿನಲ್ಲಿ ಇರಿಸಲ್ಪಟ್ಟ ಕುಟುಂಬಗಳಿಗೆ ಕಟ್ಟಿದ ಚಾಕರಿ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು ಇಂಥ ಚಾಕರಿಗಳನ್ನು ಕೊನೆಗಾಣಿಸಿ, ಅವಕ್ಕೆ ಅಂಟಿದ್ದ ನೆಲವನ್ನು ಆ ಕುಟುಂಬಗಳಿಗೇ ಕೊಡಲು ದಾರಿಮಾಡಿದ್ದು ನ್ಯಾಯದ ಕೆಲಸ. ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾರೂ ಬಯಸಲಾರರು.

ಆದರೆ ಹುದ್ದೆ ಹೋದಾಗ ಕೆಲಸವೂ ಹೋಯಿತು ಎಂಬುದನ್ನು ಹೇಳಲೇಬೇಕು. ಚಾಕರಿಯನ್ನು ಬಿಡಿಸಿದ ಮೇಲೆ ಅದೇ ಕೆಲಸವನ್ನು ಗೌರವದ, ಸಂಬಳದ ಉದ್ಯೋಗವಾಗಿ ಮರುರೂಪಿಸುವ ಹೊಣೆ ಸಮಾಜದ ಮೇಲಿತ್ತು. ಆ ಹೊಣೆಯನ್ನು ಯಾರೂ ಹೊರಲಿಲ್ಲ. ಕೆರೆ ಸಂರಕ್ಷಣೆಗೆಂದು ಪ್ರಾಧಿಕಾರವನ್ನು ರೂಪಿಸುವ ಕಾಯ್ದೆ ಬಂದದ್ದು 2014ರಲ್ಲಿ. ನಡುವಣ ಅರ್ಧ ಶತಮಾನದಲ್ಲಿ ಕೊಳವೆಬಾವಿ ಬಂತು. ಪ್ರತಿಯೊಬ್ಬನೂ ತನ್ನ ಹೊಲದಲ್ಲಿ ತನ್ನ ನೀರನ್ನು ಹುಡುಕಿಕೊಂಡನು. ಊರಿನ ಕೆರೆಯು ಯಾರದೂ ಅಲ್ಲವಾಯಿತು. ಹಳೆಯ ಏರ್ಪಾಡಿನಿಂದ ಕಲಿಯಬೇಕಾದುದು ಜಾತಿಗೆ ಕಟ್ಟಿದ ದುಡಿಮೆಯನ್ನಲ್ಲ. ಪ್ರತಿ ನಿರ್ಮಾಣದ ಜೊತೆಗೆ ಅದರ ಪಾಲನೆಗೆ ಶಾಶ್ವತವಾದ ಆದಾಯದ ಮೂಲವೊಂದನ್ನು ಬರೆದಿಡಬೇಕೆಂಬ ನಿಯಮವನ್ನು. ಬದು ಹಾಕುವ ಹಣದ ಒಂದು ಪಾಲು ಬದು ಕಾಯುವವರಿಗೆ ಎಂದು ಮೊದಲೇ ನಿಗದಿಯಾಗದ ಯಾವ ಯೋಜನೆಯನ್ನೂ ಪೂರ್ಣವೆಂದು ಎಣಿಸಬಾರದು.

ಮಳೆ ಹೆಚ್ಚಿರುವ ನಾಡಿಗೆ ಈ ಪಾಠ ಬೇಡವೆಂದು ತಿಳಿಯುವುದೂ ತಪ್ಪು. ಮೇಗರವಳ್ಳಿಯ ಸೀಮೆಯಲ್ಲಿಯೂ ಮಳೆ ಕೆಲವು ತಿಂಗಳದ್ದು. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ಓಡುತ್ತದೆ, ಬೇಸಗೆಯಲ್ಲಿ ತೋಟಕ್ಕೆ ನೀರಿನ ಚಿಂತೆ ಹತ್ತುತ್ತದೆ. ಎತ್ತರದ ಮಕ್ಕಿ ಗದ್ದೆ ಅಲ್ಲಿಯೂ ಮಳೆಯನ್ನೇ ಕಾಯುತ್ತದೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು ದರಗು ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟದ ಮಣ್ಣನ್ನು ಹೊದಿಸುವ ಕ್ರಮವು ಮಣ್ಣು ಕಾಯುವ ಕ್ರಮವೇ. ಮಲೆನಾಡಿಗೂ ಬಯಲಿಗೂ ಇರುವ ನಂಟು ಭದ್ರಾ ಮೇಲ್ದಂಡೆಯಿಂದ ಆರಂಭವಾದುದಲ್ಲ. ಹೊಸನಗರ ತಾಲ್ಲೂಕಿನ ಹುಂಚದ ಬಳಿ ಹುಟ್ಟುವ ಕುಮುದ್ವತಿಯು ಶಿಕಾರಿಪುರದ ಮೂಲಕ ಹರಿದು ಮದಗ–ಮಾಸೂರಿನ ಕೆರೆಯನ್ನು ತುಂಬಿಸಿ ಬಯಲಿಗೆ ಇಳಿಯುತ್ತದೆ. ಸಾಂತರರ ರಾಜಧಾನಿಯಾಗಿದ್ದ ಅದೇ ಹುಂಚದಲ್ಲಿ 1077ರಲ್ಲಿ ಪಂಚಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯ ಕೀರ್ತಿಯಲ್ಲಿ ಬಸದಿಯ ಜೊತೆಗೆ ಕೆರೆ, ಬಾವಿ, ಅರವಟ್ಟಿಗೆಗಳೂ ಸೇರಿವೆ. ಧರ್ಮಕಾರ್ಯದಿಂದ ನೀರಿನ ಕೆಲಸವನ್ನು ಬೇರ್ಪಡಿಸುವ ಗೆರೆ ಆ ಕಾಲದವರಿಗೆ ಇರಲಿಲ್ಲ.

ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು 1904ರ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಟನೆಯ ಸಂಪುಟದಲ್ಲಿ ಅಚ್ಚಾಗಿ ಶತಮಾನ ದಾಟಿದೆ. ಅವುಗಳಿಂದ ರಾಜವಂಶಗಳ ಚರಿತ್ರೆಯನ್ನು ವಿದ್ವಾಂಸರು ಕಟ್ಟಿಕೊಟ್ಟಿದ್ದಾರೆ. ಗದ್ದೆ, ಮಕ್ಕಿ, ಬೆದ್ದಲು, ತೂಬು, ಕೋಡಿ, ಏರಿ, ಬಿತ್ತುವಟ್ಟಗಳ ಚರಿತ್ರೆಯನ್ನು ತಾಲ್ಲೂಕು ತಾಲ್ಲೂಕಾಗಿ ಕಟ್ಟುವ ಕೆಲಸ ಸಂಶೋಧನ ವಿದ್ಯಾರ್ಥಿಗಳಿಗಾಗಿ ಕಾದಿದೆ. ಒಂದು ತಾಲ್ಲೂಕಿನ ಶಾಸನಗಳಲ್ಲಿ ಬರುವ ನೆಲದ ಹೆಸರುಗಳನ್ನು ಪಟ್ಟಿಮಾಡಿ, ಇಂದಿಗೂ ಹೊಲ ಉಳುವವರ ಬಾಯಲ್ಲಿ ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಿ ದಾಖಲಿಸಿದರೆ ಅದು ಒಳ್ಳೆಯ ಭಾಷಾ ಅಧ್ಯಯನವಾದೀತು. ಆ ಊರಿನ ಕೆರೆಯ ಹೂಳೆತ್ತುವವರಿಗೂ ಒದಗೀತು. ಮಾತು ಮರೆತರೆ ಮಾತಿನ ಹಿಂದಿನ ಕೆಲಸವೂ ಮರೆಯುತ್ತದೆ. ನೀರಗಂಟಿ ಎಂಬ ಪದ ಇಂದಿನ ತರಗತಿಯಲ್ಲಿ ಅರ್ಥ ಕೇಳಬೇಕಾದ ಪದವಾಗಿರುವುದು ಆಕಸ್ಮಿಕವಲ್ಲ. ಆ ಕೆಲಸ ನಿಂತು ಅರವತ್ತು ವರ್ಷ ದಾಟಿದೆ. ಹಿಂದಿನವರ ದಾನವನ್ನು ಶಾಸನಗಳಲ್ಲಿ ಓದಿ ಮೆಚ್ಚುವುದು ಸುಲಭ. ಅದೇ ಶಾಸನಗಳು ಪಾಲನೆಯನ್ನು ಅದಕ್ಕಿಂತ ಮೇಲೆ ಇಟ್ಟಿವೆ.